ನಾಲ್ಕು ಹನಿ ನೀರು

ಕಾಲುವೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿಕೊಂಡು ನಮ್ಮ ಕಚೇರಿಗೆ ಬರುತ್ತಿದ್ದವರೆಲ್ಲ ಗದ್ದೆಯವರು. ಕಬ್ಬು ಒಣಗುತ್ತಿದೆ, ಬಾಳೆ ಬಾಡುತ್ತಿದೆ ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಗೇಣು ಹೊಲವೂ ಇಲ್ಲದೆ ಅದೇ ಪ್ರಶ್ನೆ ಕೇಳಿದವರು ಇವರೊಬ್ಬರೇ. ನಾನಾಗ ಹೊಸಪೇಟೆಯಲ್ಲಿ ನೀರಾವರಿ ಇಲಾಖೆಯ ವರ್ಕ್ ಇನ್‌ಸ್ಪೆಕ್ಟರ್. ಬೇಸಿಗೆಯ ರಿಪೇರಿಗೆಂದು ಕಾಲುವೆ ನಿಲ್ಲಿಸಿದ್ದೆವು. ಕುಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗಾಲು ತುಸು ಎಳೆದು ನಡೆಯುತ್ತಿದ್ದರು. ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದು ನಿಂತರು.

“ಯಾವ ಕಡಿ ಹೊಲರೀ ನಿಮ್ದು?” ಅಂದೆ.

“ಹೊಲ ಇಲ್ರಿ ಸರ್. ನಮ್ಮ ಸಭಾದಾಗ ಕೆಲವು ಮಂದಿಗೆ ದೀಕ್ಷಾಸ್ನಾನ ಕೊಡೋದೈತಿ. ಎದಿ ಮಟ ನೀರಿದ್ರ ಸಾಕ್ರಿ.”

ಹೊಳೆ ಇದೆಯಲ್ಲ, ಹಂಪಿಗೆ ಹೋಗಬಹುದಲ್ಲ ಎಂದೆ. “ಹೊಳ್ಯಾಗ ಸುಳಿ ಅದಾವ, ಮೊಸಳಿ ಅದಾವ. ಮ್ಯಾಲೆ ಅಲ್ಲಿ ಯಾತ್ರಿಕರು ಸ್ನಾನಕ್ಕ ಇಳಿದಿರ್ತಾರ. ಅವರು ಅವರ ಭಕ್ತಿಲೆ ಬಂದಿರ್ತಾರ, ನಡುವ ನಾವು ಹೋಗಿ ಯಾಕ ಮುಜುಗರ ಮಾಡ್ಬೇಕ್ರಿ?” ಅಂದರು. ಆ ಒಂದು ಮಾತಿಗೇ ಅವರು ನನಗೆ ಹಿಡಿಸಿಬಿಟ್ಟರು. ನೀರು ಬಿಡುವ ದಿನ ಹೇಳಿದೆ. ದಂಡೆ ತಗ್ಗಿರುವ, ಹರಿವು ಸಣ್ಣದಿರುವ ಒಂದು ಜಾಗವನ್ನೂ ತೋರಿಸಿಕೊಟ್ಟೆ.

ಅವರು ಒಂದು ಸಣ್ಣ ಸಭೆಯ ಪಾಸ್ಟರು. ಕಾಲುವೆಯ ಆಚೆ ತಗಡಿನ ಮಾಡಿನ ಹಾಲ್ ಒಂದರಲ್ಲಿ ಭಾನುವಾರ ಆರಾಧನೆ ನಡೆಸುತ್ತಿದ್ದರು. ಬರುವವರು ಹಮಾಲರು, ಆಸ್ಪತ್ರೆಯ ಆಯಾಗಳು, ಲಾರಿಯವರು, ಕೆಲವು ಅಂಗಡಿಯವರು. ಆಮೇಲೆ ನಮ್ಮ ಓಣಿಯಲ್ಲೇ ಬಾಡಿಗೆಗೆ ಮನೆ ಹಿಡಿದರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಸಾಮಾನು ಇಳಿಸುವ ದಿನ ನನ್ನ ಹೆಂಡತಿ ಚಹಾ ಕೊಡಲು ಹೋಗಿ ಬೆರಗಾಗಿ ಬಂದಳು. “ಪಾಸ್ಟ್ರು ಅಂದ್ರಿ. ಆಕಿ ಹಣಿ ತುಂಬ ಕುಂಕುಮ ಐತಲ್ಲರೀ!”

ಇತ್ತು. ಕಡೆಯವರೆಗೂ ಇತ್ತು. ಅದೇ ಅವರ ಬದುಕಿನ ಕತೆಯಾಯಿತು.

ಮೊದಲ ಸಲ ದೀಕ್ಷಾಸ್ನಾನ ನೋಡಿದ್ದು ನಾನು ಇಲಾಖೆಯ ಕೆಲಸದ ನೆಪದಲ್ಲೇ. ಬೆಳಗಿನ ಎಳೆ ಬಿಸಿಲು. ಪಾಸ್ಟರು ಅಂಗಿ ಪಂಚೆಯಲ್ಲೇ ನೀರಿಗೆ ಇಳಿದು, ಕುಂಟುಗಾಲನ್ನು ತಳದ ಕಲ್ಲಿಗೆ ಒತ್ತಿ ನಿಂತಿದ್ದರು. ದಡದ ಮೇಲಿನವರು ಮೆಲ್ಲಗೆ ಹಾಡುತ್ತಿದ್ದರು. ಒಬ್ಬೊಬ್ಬರೇ ಇಳಿದು ಬಂದಾಗ ಅವರು ಕಿವಿಯ ಹತ್ತಿರ ಬಾಗಿ ಏನೋ ಕೇಳುತ್ತಿದ್ದರು. ಉತ್ತರ ಬಂದ ಮೇಲೆ ತಮ್ಮ ಅಂಗೈಯಿಂದ ಅವರ ಮೂಗು ಮುಚ್ಚಿ, ಇನ್ನೊಂದು ಕೈ ಬೆನ್ನಿಗೆ ಕೊಟ್ಟು, ಹಿಂದಕ್ಕೆ ಮಲಗಿಸಿದ ಹಾಗೆ ಪೂರ್ತಿ ಮುಳುಗಿಸಿ ಎತ್ತುತ್ತಿದ್ದರು. ಎತ್ತಿದ ಕೂಡಲೇ ಬಿಡುತ್ತಿರಲಿಲ್ಲ. ಅವರ ಕಾಲು ತಳಕ್ಕೆ ಹತ್ತಿ, ತಮ್ಮ ಬಲದ ಮೇಲೆ ನಿಂತರು ಎಂದು ಖಾತ್ರಿಯಾದ ಮೇಲೆಯೇ ಕೈ ತೆಗೆಯುವುದು. ದಡದಲ್ಲಿ ಅವರ ಹೆಂಡತಿ ಟವೆಲ್ಲುಗಳ ಗಂಟು ಹಿಡಿದು ನಿಂತಿದ್ದರು. ನಡುಗುತ್ತ ಹತ್ತಿ ಬಂದ ಹೆಂಗಸರಿಗೆ ತಲೆ ಒರೆಸಿ, ಸೀರೆ ಮರೆ ಹಿಡಿದು, ಫ್ಲಾಸ್ಕಿನ ಚಹಾ ಕೊಡುವವರು ಅವರೇ.

ಆ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಾಗ ಕೇಳಿದೆ. “ಆ ನೀರಿಂದ ಪಾಪ ತೊಳಿತೈತೇನ್ರಿ?”

ನಕ್ಕುಬಿಟ್ಟರು. “ನೀರಿಗೆ ಅಷ್ಟು ಶಕ್ತಿ ಇದ್ರ ನಿಮ್ಮ ಇಲಾಖಿಯವರೆಲ್ಲ ಸೀದಾ ಸ್ವರ್ಗಕ್ಕ ಹೋಗ್ಬೇಕಾಗಿತ್ತಲ್ರಿ ಸರ್!” ಆಮೇಲೆ ನಗು ನಿಲ್ಲಿಸಿ ಹೇಳಿದರು. “ರಕ್ಷಣೆ ಕೊಡೋನು ಯೇಸು. ನೀರಲ್ಲ, ನಾನೂ ಅಲ್ಲ. ಒಳಗ ಆಗಿದ್ದನ್ನ ಹೊರಗ ಎಲ್ಲಾರ ಮುಂದ ಹೇಳೋದು, ಅಷ್ಟೇ ಅದು. ಮುಳುಗೋದು ಅಂದ್ರ ಸತ್ತು ಹೂಳಿಸಿಕೊಳ್ಳೋದು. ಏಳೋದು ಅಂದ್ರ ಆತನ ಜೊತಿ ಜೀವ ಆಗಿ ಏಳೋದು.”

ನಮ್ಮದು ವೀರಶೈವರ ಮನೆ. ನಮ್ಮಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ ಎಂದೆ. ಅವರ ಪೈಕಿಯೂ ಕೆಲವು ಪಂಗಡದವರು ಕೂಸಿನ ತಲೆಗೆ ನೀರು ಹಾಕುತ್ತಾರಂತೆ. “ಅವರದೂ ತಪ್ಪನ್ನಂಗಿಲ್ಲ. ಹೆತ್ತವರ ನಂಬಿಕಿ ಮ್ಯಾಲೆ ಹಾಕ್ತಾರ. ನಮ್ಮ ಸಭಾದಾಗ ಅವರವರ ಬಾಯಿಲೆ ಬರಬೇಕು. ಒಬ್ಬರ ಉಸಿರು ಇನ್ನೊಬ್ಬರು ಆಡಾಕ ಆಗಂಗಿಲ್ಲ ನೋಡ್ರಿ, ಹಂಗ ಇದು,” ಅಂದರು. ನೀರಿನಲ್ಲಿ ಕಿವಿಯ ಹತ್ತಿರ ಅವರು ಕೇಳುತ್ತಿದ್ದದ್ದು, “ಇದು ನಿನ್ನ ಮನಸೇನಪ? ಯಾರರ ಹೇಳಿದ್ರಂತ ಬಂದಿಯೇನು?” ಎಂದು. ಕಡೇ ಗಳಿಗೆಯಲ್ಲಿ ತಲೆ ತಗ್ಗಿಸಿದವರನ್ನು ಮುಳುಗಿಸದೆ, ಹೆಗಲ ಮೇಲೆ ಕೈ ಹಾಕಿ ದಡಕ್ಕೆ ಕರೆದುಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ.

ಮರಿಯಮ್ಮನಹಳ್ಳಿಯ ಲಾರಿ ಡ್ರೈವರ್ ಒಬ್ಬ ಬಂದಿದ್ದ. ಮಗನಿಗೆ ಮೂರ್ಛೆ ಬರುತ್ತಿತ್ತು. ನೀರಿಗಿಳಿದರೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. “ಹೋಗ್ಲಿಲ್ಲಂದ್ರ?” ಎಂದು ಪಾಸ್ಟರು ಕೇಳಿದರು. ಅವನ ಮಗನಿಗಾಗಿ ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ತಾವೇ ಜೊತೆಗೆ ಹೋದರು, ದೀಕ್ಷಾಸ್ನಾನ ಮಾತ್ರ ಕೊಡಲಿಲ್ಲ. ಬಹಳ ದಿನದ ಮೇಲೆ ಅವನು ಮತ್ತೆ ಬಂದ. ಮಗನ ಕಾಯಿಲೆ ಪೂರ್ತಿ ಹೋಗಿರಲಿಲ್ಲ, ಮಾತ್ರೆ ನಡೆದೇ ಇತ್ತು. “ಆದ್ರೂ ಬಂದೀನ್ರಿ,” ಅಂದ. ಅವತ್ತು ಅವನನ್ನು ಇಳಿಸಿದರು.

ಪಾಸ್ಟರು ಹುಟ್ಟು ಕ್ರೈಸ್ತರಲ್ಲ. ಕಂಪ್ಲಿಯ ಕಡೆಯ ಕೂಲಿಯವರ ಮನೆ. ಮದುವೆಯಾದ ಹೊಸದರಲ್ಲಿ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಮೇಲಿನ ಮಣ್ಣು ಜರಿದು ಕುತ್ತಿಗೆಯ ತನಕ ಹೂತುಹೋದರು. ಅಗೆದು ತೆಗೆಯುವ ತನಕ ಜೊತೆಯ ಕೆಲಸದವನೊಬ್ಬ, ಮತ್ತೆ ಮಣ್ಣು ಬೀಳುತ್ತದೆಂದು ಎಲ್ಲರೂ ಕೂಗುತ್ತಿದ್ದರೂ ಅಲುಗದೆ, ಅವರ ಮುಖದ ಮುಂದೆ ಬೋರಲು ಮಲಗಿ ಯೇಸುವಿನ ಹೆಸರು ಹೇಳುತ್ತಲೇ ಇದ್ದನಂತೆ. ಕಾಲು ಮುರಿಯಿತು, ಜೀವ ಉಳಿಯಿತು. “ಮಣ್ಣಾಗ ಹೂತು ಎದ್ದವನು ನಾನು. ನೀರಾಗ ಮುಳುಗಿ ಏಳಾಕ ಯಾರೂ ನನಗ ತಿಳಿಸಿ ಹೇಳಬೇಕಾಗಿರಲಿಲ್ಲ,” ಅನ್ನುತ್ತಿದ್ದರು.

ಅವರ ಹೆಂಡತಿ ಸಂಡೂರು ತಾಲೂಕಿನ ಚೋರನೂರಿನವರು. ಎತ್ತರದ, ಗಟ್ಟಿ ದನಿಯ ಹೆಂಗಸು. ಒಮ್ಮೆ ಅವರ ಬಾಯಿಂದಲೂ ಇದೇ ಸಂಗತಿ ಕೇಳಿದೆ. ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಹೇಳಿದರು.

“ಅವರಿಗೆ ಮಣ್ಣಾಗ ಯೇಸು ಕೈ ಹಿಡಿದ್ರಂತ, ಅಣ್ಣಾರ. ಇರಬೌದು. ಆದ್ರ ಸುದ್ದಿ ಬಂದಾಗ ನಾನು ಮನ್ಯಾಗ ನಮ್ಮ ದೇವರ ಮುಂದ ಬಿದ್ದಿದ್ದೆ. ಇವರನ್ನ ಉಳಿಸಿಕೊಡು, ಸಾಯೋ ಮಟ ನಿನ್ನ ಕುಂಕುಮ ಅಳಸಂಗಿಲ್ಲ ಅಂತ ಹೇಳೀನಿ. ಉಳಿದ್ರು. ಉಳಿಸಿದವರು ಯಾರು ಅಂತ ನಾ ಹೆಂಗ ಹೇಳ್ಲಿ? ತಿಳೀಲಾರದ್ದನ್ನ ನೀರಾಗ ಇಳಿದು ತಿಳಿದೈತಿ ಅಂದ್ರ ಸುಳ್ಳಾಗಂಗಿಲ್ಲೇನು?”

ಒಳಗಿದ್ದ ಪಾಸ್ಟರಿಗೆ ಇದು ಕೇಳಿಸುತ್ತಿತ್ತು. ಅವರು ಹೊರಗೆ ಬರಲಿಲ್ಲ.

ಹೆಂಡತಿಯನ್ನು ಅವರು ಒತ್ತಾಯಿಸಿದ್ದನ್ನು ನಾನು ಕಾಣೆ. ಆದರೆ ಬೆಳಿಗ್ಗೆ ಅವರ ಪ್ರಾರ್ಥನೆ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಊರವರ ಹೆಸರೆಲ್ಲ ಹೇಳಿ ಮುಗಿಸಿ ಕಡೆಗೆ ಆಕೆಯ ಹೆಸರಿಗೆ ಬಂದಾಗ ದನಿ ಸಣ್ಣದಾಗುತ್ತಿತ್ತು. ಒಂದೇ ಗೋಡೆಯ ಆ ಬದಿಗೆ ಆಕೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರಿಬ್ಬರೂ ಜಗಳವಾಡಿದ್ದನ್ನು ನಾವ್ಯಾರೂ ಕೇಳಲಿಲ್ಲ. ಆದರೂ ಒಂದೊಂದು ಸಲ ಪಾಸ್ಟರು ಕಟ್ಟೆಯ ಮೇಲೆ ಕೂತಿರುವ ಬಗೆ ನೋಡಿದರೆ, ಮನೆಯೊಳಗೆ ಇಷ್ಟು ಪ್ರೀತಿ ಇಟ್ಟುಕೊಂಡೂ ಮನುಷ್ಯ ಒಬ್ಬನೇ ಇರಬಹುದು ಎಂದು ನನಗೆ ತಿಳಿಯುತ್ತಿತ್ತು.

ಸಭೆಯಲ್ಲಿ ಮಾತು ಶುರುವಾಗಿ ಬಹಳ ದಿನವಾಗಿತ್ತು. ಸಭೆಯ ಹಿರಿಯರಲ್ಲಿ ಮುಖ್ಯರಾದವರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಕಟ್ಟುನಿಟ್ಟಿನ ಮನುಷ್ಯ. ಒಮ್ಮೆ ಓಣಿಯಲ್ಲಿ ನಿಂತೇ ಕೇಳಿದರು. “ಪಾಸ್ಟ್ರೇ, ಮನಿಯಾಕಿನ್ನ ಒಳಗ ತರಾಕ ಆಗದವರು ಊರನ್ನ ಹೆಂಗ ತರ್ತೀರಿ? ಆ ಕುಂಕುಮ ಆದ್ರೂ ಅಳಸಾಕ ಹೇಳ್ರಿ.”

“ಹಣಿ ಆಕಿದೈತಿ ಬ್ರದರ್,” ಎಂದರು ಇವರು. ಅಷ್ಟೇ.

ಆಮೇಲೆ ಆಕೆಗೆ ಕಾಯಿಲೆ ಬಂತು. ಹೊಟ್ಟೆಯೊಳಗಿನ ಗಡ್ಡೆ. ಬಳ್ಳಾರಿಯಲ್ಲಿ ತೋರಿಸಿದರು, ಬೆಂಗಳೂರಿಗೂ ಹೋಗಿಬಂದರು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ ಮೇಲೆ ಪಾಸ್ಟರು ಎಲ್ಲೂ ಹೋಗುತ್ತಿರಲಿಲ್ಲ. ತಲೆ ಬಾಚುವುದು, ಗಂಜಿ ಕುಡಿಸುವುದು ಎಲ್ಲ ಅವರೇ. ಆಕೆಯ ಕೈ ಏಳದಂತಾದ ಮೇಲೆ ಬೆಳಿಗ್ಗೆ ಹಣೆಗೆ ಕುಂಕುಮ ಇಡುವುದೂ ಅವರ ಕೆಲಸವಾಯಿತು. ನಾನೊಮ್ಮೆ ಬಾಗಿಲಲ್ಲಿ ನಿಂತು ನೋಡಿದೆ. ಮೂಗು ಮುಚ್ಚಿ ಜನರನ್ನು ಮುಳುಗಿಸುತ್ತಿದ್ದ ಆ ಕೈ, ಬೆರಳ ತುದಿಯಲ್ಲಿ ಕುಂಕುಮ ತೆಗೆದುಕೊಂಡು, ವಾರೆಯಾಗದ ಹಾಗೆ ಮೆಲ್ಲಗೆ ಇಡುತ್ತಿತ್ತು.

ಒಂದು ಮಧ್ಯಾಹ್ನ ಹಿರಿಯರು ಬಂದರು. ಅಂಗಡಿಯವರ ಜೊತೆ ಇನ್ನಿಬ್ಬರು. ನಾನೂ ಹಾಸಿಗೆಯ ಹತ್ತಿರ ಇದ್ದೆ. ಎದ್ದು ಹೋಗಲು ನೋಡಿದಾಗ ಪಾಸ್ಟರು ಕೈ ಹಿಡಿದು ಕೂರಿಸಿದರು.

ಅಂಗಡಿಯವರು ಮೆಲ್ಲಗೇ ಹೇಳಿದರು. “ಪಾಸ್ಟ್ರೇ, ಕಾಲುವಿ ಮಟ ಬರಾಕ ಆಗಂಗಿಲ್ಲ, ಗೊತ್ತೈತಿ. ಇಂಥಾ ಹೊತ್ತಿನ್ಯಾಗ ತಲಿ ಮ್ಯಾಲೆ ನಾಲ್ಕು ಹನಿ ಹಾಕಿದ್ರೂ ನಡೀತೈತಿ. ಹೆಸರು ಹೇಳಿ ಹಾಕಿಬಿಡ್ರಿ. ನಾಳೆ ನಮ್ಮ ಸ್ಮಶಾನದಾಗ ಜಾಗ ಕೇಳಾಕ ನಮಗೂ ಬಾಯಿ ಬರ್ತೈತಿ. ನಿಮ್ಮ ಮ್ಯಾಲಿನ ಪ್ರೀತಿಲೆ ಹೇಳಾಕತ್ತೀನಿ.”

ಅದು ಪ್ರೀತಿಯೇ ಆಗಿತ್ತು. ಅವರ ಕಣ್ಣಲ್ಲೂ ನೀರಿತ್ತು.

ಆಕೆ ಕಣ್ಣು ಬಿಟ್ಟು ಗಂಡನನ್ನು ನೋಡಿದರು. ದನಿ ಸೋತಿತ್ತು, ಆದರೆ ಮಾತು ಸ್ಪಷ್ಟವಿತ್ತು. “ಹಾಕ್ರಿ. ನಿಮ್ಮ ಜೀವಕ್ಕ ಸಮಾಧಾನ ಆಕ್ಕೈತಿ ಅಂದ್ರ ಹಾಕ್ರಿ.”

ಪಾಸ್ಟರು ಮೂಲೆಯ ಕೊಡದಿಂದ ಲೋಟದಲ್ಲಿ ನೀರು ತುಂಬಿಕೊಂಡು ಬಂದರು. ಮಂಚದ ಹತ್ತಿರ ಕೂತರು. ಹಿರಿಯರು ಎದ್ದು ನಿಂತು ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ.

“ನನಗಲ್ಲ,” ಎಂದರು ಪಾಸ್ಟರು. “ನಿನಗ? ನಿನಗ ಬೇಕೇನು?”

ಆಕೆ ಬಹಳ ಹೊತ್ತು ಯೋಚಿಸಿದರು. ಅಂಥ ಸ್ಥಿತಿಯಲ್ಲೂ ಯೋಚಿಸಿದರು. “ನನಗ ಈಗೂ ಗೊತ್ತಾಗವಲ್ದು,” ಎಂದರು. “ನಿಮಗಂತ ಹೇಳಿದೆ. ಹಾಕ್ರಿ, ಏನಾಕ್ಕೈತಿ.”

ನಾಲ್ಕು ಹನಿ ಹಾಕಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸಭೆ ಉಳಿಯುತ್ತಿತ್ತು, ಊರಲ್ಲಿ ಹೆಸರು ಉಳಿಯುತ್ತಿತ್ತು, ಇಷ್ಟು ವರ್ಷದ ಅವರ ಪ್ರಾರ್ಥನೆಗೆ ಉತ್ತರ ಬಂತೆಂದು ಅವರೂ ನಂಬಿಕೊಂಡು ಇರಬಹುದಿತ್ತು. ಅವರು ಎಡಗೈಯನ್ನು ಆಕೆಯ ಕುತ್ತಿಗೆಯ ಕೆಳಗೆ ಕೊಟ್ಟು ಮೆಲ್ಲಗೆ ಎತ್ತಿದರು. ಲೋಟವನ್ನು ತುಟಿಗೆ ಹಿಡಿದರು.

“ಕುಡಿ,” ಅಂದರು.

ಆಕೆ ಕುಡಿದರು. ಹಿರಿಯರು ಕಣ್ಣು ಬಿಟ್ಟಾಗ ಅವರು ಆಕೆಯ ಗದ್ದ ಒರೆಸುತ್ತಿದ್ದರು.

ಮುಂದಿನ ವಾರ ಆಕೆ ಹೋದರು. ಚೋರನೂರಿನಿಂದ ಆಕೆಯ ತಮ್ಮ ಬಂದು, ಅಕ್ಕನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡುತ್ತೇವೆ ಎಂದ. ಸಭೆಯಿಂದ ಯಾರೂ ಬರಲಿಲ್ಲ. ನಾನು ಹೋಗಿದ್ದೆ. ತಮ್ಮನ ಮನೆಯವರ ಶಾಸ್ತ್ರ ನಡೆಯುವಷ್ಟು ಹೊತ್ತೂ ಪಾಸ್ಟರು ದೂರದ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದರು. ಅದರಲ್ಲಿ ಸೇರಲು ಅವರಿಗೆ ಆಗದು, ಅವರದನ್ನು ಮಾಡಲು ಅಲ್ಲಿ ಜಾಗವಿಲ್ಲ. ಕಡೆಗೆ ತಮ್ಮ ಅವರ ಹತ್ತಿರ ಹೋಗಿ, “ಮಾವಾರ, ಬರ್ರಿ, ಮೊದಲ ಮಣ್ಣು ನೀವು ಹಾಕ್ರಿ,” ಎಂದು ಕೈಹಿಡಿದು ಕರೆದುಕೊಂಡು ಬಂದ.

ಸಭೆಯವರು ಅವರನ್ನು ಹೊರಗೆ ಹಾಕಲಿಲ್ಲ. ಅವರೇ ಬಿಟ್ಟರು. ಬೇರೆ ಪಾಸ್ಟರು ಬಂದರು, ಚಿಕ್ಕ ವಯಸ್ಸಿನವರು, ಕೀಬೋರ್ಡ್ ಬಾರಿಸುವವರು. ಇವರು ಭಾನುವಾರ ಹೋಗಿ ಕಡೇ ಬೆಂಚಿನಲ್ಲಿ ಕೂರುತ್ತಿದ್ದರು. ಜನ ನಮಸ್ಕಾರದ ಹಾಗೆ ‘ಸ್ತೋತ್ರ’ ಅಂದು ಮುಂದೆ ಹೋಗುತ್ತಿದ್ದರು. ಕಾಲುವೆಯಲ್ಲಿ ದೀಕ್ಷಾಸ್ನಾನ ಇರುವ ದಿನ ಇವರು ದಡದ ಮೇಲೆ ಟವೆಲ್ಲುಗಳ ಗಂಟು ಹಿಡಿದು ನಿಂತಿರುತ್ತಿದ್ದರು. ಆಕೆಯ ಕೆಲಸ ಇವರಿಗೆ ಬಂದಿತ್ತು.

ಮನೆಯಲ್ಲಿ ಒಬ್ಬರಿಗೆ ಅನ್ನ ಮಾಡಿಕೊಳ್ಳುವುದು ಅವರಿಗೆ ಕಡೆಯವರೆಗೂ ಹತ್ತಲಿಲ್ಲ. ಯಾವಾಗಲೂ ಹೆಚ್ಚಾಗುತ್ತಿತ್ತು. ಉಳಿದದ್ದನ್ನು ಓಣಿಯ ನಾಯಿಗೆ ಹಾಕಿ ಅದರ ಎದುರು ಕೂತು ಬಿಡುತ್ತಿದ್ದರು. ನಾನು ಅಷ್ಟೊತ್ತಿಗೆ ರಿಟೈರ್ ಆಗಿದ್ದೆ. ಸಂಜೆ ಕಾಲುವೆಯ ದಂಡೆ ಹಿಡಿದು ಇಬ್ಬರೂ ನಡೆಯುತ್ತಿದ್ದೆವು. ಒಂದು ದಿನ ತಟ್ಟನೆ ನಿಂತರು.

“ಸರ್, ನಾ ಮಾಡಿದ್ದು ಬರೋಬ್ಬರಿ ಏನ್ರಿ?”

ಅವರೇ ಮುಂದುವರಿಸಿದರು. “ಯೇಸುವಿನ ಪಕ್ಕದ ಶಿಲುಬಿ ಮ್ಯಾಲೆ ಒಬ್ಬ ಕಳ್ಳ ಇದ್ದ. ಅವನು ಯಾವ ನೀರಿಗೂ ಇಳೀಲಿಲ್ಲ. ಸಾಯೋ ಮುಂದ ಒಂದು ಮಾತು ಕೇಳಿದ. ಅಷ್ಟಕ್ಕ ಯೇಸು ಅವನನ್ನ ಕರಕೊಂಡ. ಇದನ್ನ ನಾ ಎಷ್ಟು ಮಂದಿಗೆ ಹೇಳೀನಿ. ದೀಕ್ಷಾಸ್ನಾನ ಇಲ್ಲದ ಸತ್ತವರ ಮನಿಯವರು ಅತ್ತಾಗೆಲ್ಲ ಹೇಳೀನಿ. ಈಗ ನನಗ ನಾ ಹೇಳಿಕೊಂಡ್ರ ಹತ್ತವಲ್ದು. ಅವನು ಕೇಳಿದ, ಸರ್. ಈಕಿ ಕೇಳಲಿಲ್ಲ.”

“ಸುಳ್ಳು ಹೇಳಲಿಲ್ಲಲ್ರಿ ಆಕಿ,” ಎಂದೆ.

“ಹೂಂ,” ಎಂದರು. “ಅದನ್ನ ಯೇಸು ನೋಡಿರ್ಬೇಕು.” ಆಮೇಲೆ ಹೇಳಿದ ಮಾತನ್ನು ಮರೆಯಲಾರೆ. “ನಂಬಿದವರು ಸಾವಿಗೆ ಅಂಜಬಾರ್ದು ಅಂತಾರ. ಅಂಜಂಗಿಲ್ರಿ. ಹೋದ ಮ್ಯಾಲೆ ಅಲ್ಲಿ ಆಕಿ ಇಲ್ಲಂದ್ರ ಅಂತ ಅಂಜಿಕಿ.”

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ರೊಟ್ಟಿ ಕೊಡಲು ಹೋದ ನನ್ನ ಹೆಂಡತಿ ಕೂಗಿ ಕರೆದಳು. ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು.

ಸಂಜೆಯೊಳಗೆ ಸಭೆಯವರೆಲ್ಲ ಬಂದರು. ನನಗೇ ಆಶ್ಚರ್ಯವಾಗುವಷ್ಟು ಜನ. ಮರಿಯಮ್ಮನಹಳ್ಳಿಯ ಡ್ರೈವರ್ ಲಾರಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಓಡಿ ಬಂದ. ಹಾರ್ಡ್‌ವೇರ್ ಅಂಗಡಿಯವರು ತಾವೇ ನಿಂತು ಪೆಟ್ಟಿಗೆ ಮಾಡಿಸಿದ್ದರು, ಕ್ರೈಸ್ತರ ಸ್ಮಶಾನದಲ್ಲಿ ಒಳ್ಳೆಯ ಜಾಗ ನೋಡಿಸಿದ್ದರು. ಅವರಿಗೆ ನಾನು ಹೇಳಲೇಬೇಕಾಯಿತು.

“ಅವರನ್ನ ಚೋರನೂರಿಗೆ ಒಯ್ಯಬೇಕ್ರಿ. ಹೆಂಡತಿ ಮಗ್ಗಲಕ್ಕ. ಅವರೇ ನನಗ ಹೇಳ್ಯಾರ. ಆಕಿ ತಮ್ಮಗೂ ಹೇಳ್ಯಾರ, ಅವನು ಒಪ್ಯಾನ.”

ಅಂಗಡಿಯವರ ಮುಖ ಬಿಗಿಯಿತು. “ಏನ್ ಮಾತ್ರಿ ಇದು? ಅಷ್ಟು ಮಂದಿಗೆ ದೀಕ್ಷಾಸ್ನಾನ ಕೊಟ್ಟ ದೇವರ ಸೇವಕರನ್ನ ಯಾರದೋ ಹೊಲದಾಗ ಇಡೋದಾ? ಅಲ್ಲಿ ನಮ್ಮವರು ಒಬ್ಬರೂ ಇಲ್ಲ. ಯಾಕಂತ ಹೇಳಿದ್ರು?”

ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. “ಸತ್ತವರನ್ನೆಲ್ಲ ಎಬ್ಬಿಸೋ ದಿನ ಒಂದು ಬರ್ತೈತಂತ. ಅವತ್ತು ಆಕಿ ಒಬ್ಬಾಕಿನೇ ಎದ್ದು ಗಾಬರಿ ಆಗಬಾರ್ದು ಅಂದ್ರು. ‘ಆಕಿಗೆ ಯೇಸುವಿನ ಗುರ್ತಿಲ್ಲ. ನಾ ಮಗ್ಗಲಿದ್ದರ ಕೈ ಹಿಡಕೊಂಡು ಹೋಗಿ, ಈಕಿ ನಮ್ಮಾಕಿ ಸ್ವಾಮಿ ಅಂತ ಹೇಳ್ತೀನಿ. ಆಮ್ಯಾಲೆ ಆತನ ಮರ್ಜಿ’ ಅಂದ್ರು.”

ಅಂಗಡಿಯವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಗಾಡಿಗೆ ಹೇಳಿದರು.

ಮರುದಿನ ಚೋರನೂರಿನ ದಾರಿಯಲ್ಲಿ ಮಳೆ ಬಿಟ್ಟಿತ್ತು, ಕೆಮ್ಮಣ್ಣು ಹಸಿಯಾಗಿತ್ತು. ತಮ್ಮ ಗುಂಡಿ ತೆಗೆಸಿಟ್ಟಿದ್ದ. ಆಕೆಯ ಗುಡ್ಡೆಯ ಪಕ್ಕದಲ್ಲೇ, ನಡುವೆ ಒಬ್ಬರು ನಿಲ್ಲುವಷ್ಟೂ ಜಾಗ ಬಿಡದ ಹಾಗೆ. ಹೊಸ ಪಾಸ್ಟರು ಬೈಬಲ್ಲಿನ ವಾಕ್ಯ ಓದಿದರು, ಎಲ್ಲರೂ ಹಾಡಿದರು, ಮಣ್ಣು ಹಾಕಿದರು. ಕಡೇ ಪ್ರಾರ್ಥನೆಯನ್ನು ಅಂಗಡಿಯವರೇ ಮಾಡಿದರು. ಅವರ ದೊಡ್ಡ ದನಿ ಆ ಬಯಲಿನಲ್ಲಿ ಸಣ್ಣದಾಗಿ ಕೇಳುತ್ತಿತ್ತು. ಆಮೆನ್ ಅಂದರು. ಜನ ಗಾಡಿಯ ಕಡೆ ಹೊರಟರು.

ಅಂಗಡಿಯವರು ಮಾತ್ರ ಕದಲಲಿಲ್ಲ. ಪಕ್ಕದ ಹಳೆಯ ಗುಡ್ಡೆಯನ್ನು ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಮ್ಮಾರ ಹೆಸರೇನ್ರಿ ಸರ್? ಇಷ್ಟು ವರ್ಷ ಒಂದು ದಿನಾನೂ ನಾ ಕೇಳೇ ಇಲ್ಲ.”

ಹೇಳಿದೆ. ಅವರು ಆ ಹೆಸರು ಹೇಳಿ ಪ್ರಾರ್ಥನೆಗೆ ಮತ್ತೆ ಕಣ್ಣು ಮುಚ್ಚಿದರು.